ದೇಹ ಯಾರದೋ ಮಾತು ಅವರಿಗೇ ಸಲ್ಲಬೇಕು

ನಿಮ್ಮ ತಂದೆಯವರ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಪತ್ತೆಯಾಗಿದೆ ಎಂದಿಟ್ಟುಕೊಳ್ಳಿ. ಶಸ್ತ್ರಚಿಕಿತ್ಸೆಯಿಂದ ಅದನ್ನು ತೆಗೆಯಬಹುದು. ಮನೆಯವರೆಲ್ಲ 'ನಾಳೆಯೇ ತೆಗೆದುಬಿಡಿ' ಎನ್ನುತ್ತಾರೆ. ವೈದ್ಯರಾದರೋ, ಮೊದಲು ಇಮ್ಯುನೋಥೆರಪಿ ಮತ್ತು ಕೀಮೋಥೆರಪಿಯನ್ನು ಜೊತೆಯಾಗಿ ಕೊಡೋಣ, ಶಸ್ತ್ರಚಿಕಿತ್ಸೆ ಆಮೇಲೆ ಎನ್ನುತ್ತಾರೆ. ಈ ತೀರ್ಮಾನ ಯಾರದು?

ಮೊದಲು ವೈದ್ಯರ ಕಾರಣವನ್ನು ತಿಳಿಯೋಣ. ರೋಗದೊಡನೆ ಹೋರಾಡುವ ಟಿ ಕೋಶಗಳು ಮಿತಿಮೀರದಂತೆ ಪಿಡಿ-1 ಎಂಬ ಕಡಿವಾಣವಿದೆ. ಕ್ಯಾನ್ಸರ್ ಆ ಕಡಿವಾಣವನ್ನೇ ಎಳೆದು ಅವುಗಳನ್ನು ಸುಮ್ಮನಾಗಿಸುತ್ತದೆ. ನಿವೊಲುಮ್ಯಾಬ್‌ನಂತಹ ಔಷಧಿ ಅದನ್ನು ಸಡಿಲಿಸುತ್ತದೆ. ಗಡ್ಡೆ ದೇಹದಲ್ಲಿರುವಾಗಲೇ ಔಷಧಿ ಕೊಟ್ಟರೆ ಟಿ ಕೋಶಗಳು ಶತ್ರುವನ್ನು ಚೆನ್ನಾಗಿ ಗುರುತಿಸಲು ಕಲಿಯುತ್ತವೆ ಎಂಬುದು ಇದರ ಹಿಂದಿನ ವಿಚಾರ.

2022ರಲ್ಲಿ ಪ್ರಕಟವಾದ 'ಚೆಕ್‌ಮೇಟ್ 816' ಪ್ರಯೋಗದಲ್ಲಿ 358 ರೋಗಿಗಳಿದ್ದರು. ಎರಡನ್ನೂ ಪಡೆದವರ ಪೈಕಿ ಶೇ. 24 ಮಂದಿಯಲ್ಲಿ, ಶಸ್ತ್ರಚಿಕಿತ್ಸೆಯಿಂದ ತೆಗೆದ ಭಾಗದಲ್ಲಿ ಜೀವಂತ ಕ್ಯಾನ್ಸರ್ ಕೋಶಗಳೇ ಇರಲಿಲ್ಲ. ಕೀಮೋಥೆರಪಿ ಮಾತ್ರ ಪಡೆದವರಲ್ಲಿ ಇದು ಶೇ. 2.2. ಐದು ವರ್ಷಗಳ ಬಳಿಕ ಬದುಕಿದ್ದವರು ಅನುಕ್ರಮವಾಗಿ ಶೇ. 65 ಮತ್ತು 55. ಆದರೆ ಜೊತೆ ಚಿಕಿತ್ಸೆ ಪಡೆದವರಲ್ಲೂ ಸುಮಾರು ಶೇ. 16 ಮಂದಿಗೆ ಶಸ್ತ್ರಚಿಕಿತ್ಸೆ ನಡೆಯಲೇ ಇಲ್ಲ. ಕೆಲವರಲ್ಲಿ ಅಷ್ಟರೊಳಗೆ ರೋಗ ಮುಂದುವರಿದಿತ್ತು.

ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಲೆಕ್ಕ ನೂರಾರು ಮಂದಿಯದು, ದೇಹ ಒಬ್ಬರದು. ಕಾಯುವುದರ ಲಾಭವೂ ಅಪಾಯವೂ ಅವರಿಗೇ ಸೇರಿದ್ದು. ಆದರೂ ನಾವು ಆಸ್ಪತ್ರೆಯ ಹೊರಗೆ ನಿಂತು ಪಿಸುಗುಟ್ಟುತ್ತೇವೆ: 'ಅವರಿಗೆ ಹೇಳಬೇಡಿ, ಎದೆಗುಂದಿಯಾರು.' ಇದು ಪ್ರೀತಿಯೇ, ಸಂಶಯವಿಲ್ಲ. ಆದರೆ ಪ್ರೀತಿಯ ಹೆಸರಿನಲ್ಲಿ ಇನ್ನೊಬ್ಬರ ಹಕ್ಕನ್ನು ಕಸಿಯುವುದು ನ್ಯಾಯವೇ?

ಈ ಮೌನ ಅಪಾಯಕಾರಿಯೂ ಹೌದು. ಕಡಿವಾಣ ಸಡಿಲಗೊಂಡ ಕೋಶಗಳು ಆರೋಗ್ಯವಂತ ಶ್ವಾಸಕೋಶ, ಕರುಳು, ಥೈರಾಯ್ಡ್‌ಗಳ ಮೇಲೂ ಎರಗಬಹುದು. ಹೊಸದಾಗಿ ಕೆಮ್ಮು, ಉಬ್ಬಸ, ಭೇದಿ ಕಾಣಿಸಿದೊಡನೆ ವೈದ್ಯರಿಗೆ ತಿಳಿಸಬೇಕು. 'ಶಕ್ತಿಗೆ ಕೊಡುವ ಇಂಜೆಕ್ಷನ್' ಎಂದು ನಂಬಿಸಲ್ಪಟ್ಟವರು ಅದನ್ನು ಸಣ್ಣ ತೊಂದರೆಯೆಂದು ಸಹಿಸಿಕೊಂಡು ಕೂರುತ್ತಾರೆ.

ಹಾಗಾದರೆ ಎಲ್ಲವನ್ನೂ ಒಮ್ಮೆಲೇ ಮುಖಕ್ಕೆ ಹೊಡೆದಂತೆ ಹೇಳಬೇಕೇ? ಇಲ್ಲ. 'ಎಷ್ಟು ತಿಳಿಯಲು ಬಯಸುತ್ತೀರಿ?' ಎಂದು ಮೊದಲು ಕೇಳಿ. 'ನೀವೇ ನೋಡಿಕೊಳ್ಳಿ' ಎಂದರೆ ಅದೂ ಅವರದೇ ತೀರ್ಮಾನ. ಆದರೆ ಕೇಳದೆಯೇ ಅವರ ಪರವಾಗಿ ಉತ್ತರಿಸುವ ಅಧಿಕಾರ ಮಕ್ಕಳಿಗೂ ಇಲ್ಲ, ವೈದ್ಯರಿಗೂ ಇಲ್ಲ. ಮೃದುವಾಗಿ ಹೇಳಿದ ಸತ್ಯಕ್ಕಿಂತ ದೊಡ್ಡ ಶುಶ್ರೂಷೆ ಯಾವುದಿದೆ? ನೀವೇ ಯೋಚಿಸಿ.