ಅಪ್ಪನ ನಂಬರ್

ಅಪ್ಪ ಹೋಗಿ ವರ್ಷ ಕಳೆದ ಮೇಲೆ ನಾನೊಂದು ಎಲೆಕ್ಟ್ರಿಕ್ ಸ್ಕೂಟರ್ ತಗೊಂಡೆ. ಹಸಿರು ಪ್ಲೇಟು, ಬಿಳಿ ಅಕ್ಷರ. ಪೂಜೆ ಮಾಡಿಸೋಣ ಅಂತ ದೊಡ್ಡಬೆಳವಂಗಲಕ್ಕೆ ಓಡಿಸ್ಕೊಂಡು ಹೋದರೆ ಅಮ್ಮ ಸುತ್ತ ಒಂದು ಸಲ ತಿರುಗಿ ನೋಡಿ, ಕುಂಕುಮ ಇಡೋಕೆ ಮುಂಚೆ ಕೇಳಿದ್ದು ಒಂದೇ ಮಾತು: "ಇದಕ್ಕೆ ನಿಮ್ಮಪ್ಪನ ನಂಬರ್ ಹಾಕ್ಸಕ್ಕಾಗಲ್ವೇನೋ?"

ಅಪ್ಪನ ಬಜಾಜ್ ಚೇತಕ್ ದನದ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ಕೊಂಡು ನಿಂತಿದೆ. 1998ರಲ್ಲಿ ತಂದಿದ್ದು. ನಮ್ಮ ಕಡೆ ಈಗ ಎಲ್ಲಿ ನೋಡಿದರೂ ಕಾಣುವ ಕೆಎ-43 ಸರಣಿಗಿಂತ ಹಿಂದಿನ ನಂಬರು. ಊರಲ್ಲಿ ಅದನ್ನ ಚೇತಕ್ ಅಂತ ಯಾರೂ ಕರೀತಿರಲಿಲ್ಲ. ಕೊನೆಯ ನಾಲ್ಕು ಅಂಕಿ ಹೇಳ್ತಿದ್ರು. "ಟೂ ಸೆವೆನ್ ಫೋರ್ ಒನ್ ಡೈರಿ ಹತ್ರ ನಿಂತಿತ್ತು, ನಿಮ್ಮಪ್ಪ ಅಲ್ಲೇ ಇರ್ತಾರೆ ಹೋಗು." ಇಂಗ್ಲಿಷ್ ಬರದ ನಮ್ಮಜ್ಜಿಗೂ ಆ ನಾಲ್ಕು ಅಂಕಿ ಇಂಗ್ಲಿಷಿನಲ್ಲೇ ಬಾಯಿಪಾಠ.

ಚಿಕ್ಕಪ್ಪನ ಹತ್ರ ಪರಿಹಾರ ರೆಡಿ ಇತ್ತು. "ಅಯ್ಯೋ ಬುಡಪ್ಪ, ಅದಕ್ಯಾಕಿಷ್ಟ್ ತಲೆ ಕೆಡಿಸ್ಕೊಂತೀಯ. ಆ ಲಾಕ್ ಒಡ್ದು ಹಳೇದ್ ನಂಬರ್ ಬರೆಸಿ ಹಾಕು. ಊರೊಳಗೆ ಯಾವನ್ ನೋಡ್ತಾನೆ? ನಿಮ್ಮಪ್ಪನ್ ನಂಬರ್ ತಾನೆ, ಕದ್ದಿದ್ದೇನಲ್ವಲ್ಲ."

ಕದ್ದಿದ್ದಲ್ಲ. ಈ ಮಾತು ನನ್ನನ್ನ ತುಂಬ ದಿನ ಕಾಡ್ತು. ಅದು ತಪ್ಪು ಅಂತ ಗೊತ್ತಿತ್ತು, ಯಾಕೆ ತಪ್ಪು ಅಂತ ಹೇಳೋಕೆ ಬರ್ತಿರಲಿಲ್ಲ. ಕಾನೂನು ಒಪ್ಪಲ್ಲ ಅನ್ನೋದು ಉತ್ತರ ಅಲ್ಲ. ನಾವು ದಿನಾ ಹೆಬ್ಬಾಳದ ಫ್ಲೈಓವರ್ ಕೆಳಗೆ ಎಷ್ಟು ಕಾನೂನು ಪಾಲಿಸ್ತೀವಿ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಯೋಚನೆ ಮಾಡಿದರೆ ಚಿಕ್ಕಪ್ಪನ ಪರವಾಗಿಯೇ ವಾದಗಳು ಜಾಸ್ತಿ ಸಿಗ್ತಿದ್ವು. ನಮ್ಮಲ್ಲಿ ಅಜ್ಜನ ಹೆಸರನ್ನ ಮೊಮ್ಮಗನಿಗೆ ಇಡಲ್ವಾ? ನನ್ನ ಹೆಸರೇ ನಮ್ಮಜ್ಜನದು. ಅದೇ ಅಜ್ಜ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಿಂದ ಹೊಸ ಎತ್ತು ತಂದಾಗಲೆಲ್ಲ ಹಳೇ ಎತ್ತಿನ ಹೆಸರೇ ಇಡ್ತಿದ್ದರಂತೆ. ಎಡಗೋಲಿಗೆ ಯಾವ ಎತ್ತು ಬಂದರೂ ರಾಮ, ಬಲಗೋಲಿಗೆ ಬಂದಿದ್ದು ಭೀಮ. ಯಾರಿಗೂ ಮೋಸ ಆಗಲಿಲ್ಲ. ಯಾಕಂದ್ರೆ ಜಾತ್ರೆಯಲ್ಲಿ ಹೆಸರು ಕೇಳಿ ಎತ್ತು ತಗೊಳ್ಳೋರು ಯಾರೂ ಇಲ್ಲ. ಬಾಯಿ ಬಿಡಿಸಿ ಹಲ್ಲು ನೋಡ್ತಾರೆ, ಸುಳಿ ನೋಡ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡ್ತಾರೆ. ಹೆಸರು ಮನೆಯವರ ಪ್ರೀತಿಗೆ, ಗುರುತಿಗೆ ಹಲ್ಲು.

ಹಾಗಾದರೆ ಗಾಡಿಗೆ ಅಪ್ಪನ ನಂಬರ್ ಯಾಕೆ ಬೇಡ?

ಉತ್ತರ ಸಿಕ್ಕಿದ್ದು ಪುಸ್ತಕದಲ್ಲಲ್ಲ, ನಮ್ಮ ಹಿಂದಿನ ಬೀದಿಯಲ್ಲಿ. ಎರಡು ವರ್ಷದ ಹಿಂದೆ ಅಲ್ಲಿನ ಒಬ್ಬರು ಬೆಳಗ್ಗೆ ಡೈರಿಗೆ ಹಾಲು ಹಾಕಿ ವಾಪಸ್ ಬರುವಾಗ ಬೈಕೊಂದು ಗುದ್ದಿ ಹೋಯ್ತು. ಗುದ್ದಿದವನು ನಿಲ್ಲಲಿಲ್ಲ. ಟೀ ಅಂಗಡಿಯ ಹುಡುಗ ಮಾತ್ರ ಜಾಣ, ನಂಬರ್ ನೋಡಿಟ್ಟುಕೊಂಡು ಸಿಗರೇಟ್ ಪ್ಯಾಕಿನ ಮೇಲೆ ಬರೆದಿದ್ದ. ಅವರು ಆಸ್ಪತ್ರೆಯಲ್ಲಿ ಮೂರನೇ ದಿನ ತೀರಿಕೊಂಡರು. ನಂಬರ್ ಹಿಡಿದು ಹುಡುಕಿದರೆ ಆ ಗಾಡಿ ಎಷ್ಟೋ ವರ್ಷದ ಹಿಂದೆಯೇ ಗುಜರಿಗೆ ಹೋಗಿತ್ತು. ಪ್ಲೇಟು ಮಾತ್ರ ಇನ್ಯಾವುದೋ ಗಾಡಿಯ ಮೇಲೆ ಓಡಾಡ್ತಾ ಇತ್ತು.

ಇದರ ಬೆಲೆ ಎಷ್ಟು ಅಂತ ಆಮೇಲೆ ತಿಳ್ಕೊಂಡೆ. ಗುದ್ದಿದ ಗಾಡಿ ಸಿಕ್ಕಿದರೆ, ಅದಕ್ಕೆ ವಿಮೆ ಇದ್ದರೆ, ಕೇಸು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುತ್ತೆ. ಸತ್ತವರ ವಯಸ್ಸು, ಸಂಪಾದನೆ, ಅವರನ್ನೇ ನಂಬಿಕೊಂಡವರು ಎಷ್ಟು ಜನ, ಎಲ್ಲ ಲೆಕ್ಕ ಹಾಕಿ ಪರಿಹಾರ ಕೊಡ್ತಾರೆ. ಗಾಡಿ ಸಿಗದಿದ್ದರೆ ಹಿಟ್ ಅಂಡ್ ರನ್ ಯೋಜನೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಲೆಕ್ಕದ ಪ್ರಕಾರ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ಅದಕ್ಕೂ ಮುಂಚೆ ಸಾವಿಗೆ 25 ಸಾವಿರ ಇತ್ತು. ಇಬ್ಬರು ಓದೋ ಮಕ್ಕಳಿರುವ ಮನೆಗೆ ಈ ಎರಡು ದಾರಿಗಳ ನಡುವೆ ಎಷ್ಟು ಅಂತರ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆ ಅಂತರ ನಿಂತಿದ್ದು ಸಿಗರೇಟ್ ಪ್ಯಾಕಿನ ಮೇಲಿನ ನಾಲ್ಕು ಅಂಕಿಯ ಮೇಲೆ. ಹುಡುಗ ಸರಿಯಾಗೇ ಬರೆದಿದ್ದ. ಪ್ಲೇಟು ಸುಳ್ಳು ಹೇಳಿತ್ತು.

ಆ ಪ್ಲೇಟು ಹಾಕ್ಕೊಂಡವನು ಕಳ್ಳನೇ ಇರಬೇಕು ಅಂತ ಊರಿನವರು ಮಾತಾಡ್ಕೊಂಡ್ರು. ನನಗೀಗ ಅಷ್ಟು ಖಾತ್ರಿ ಇಲ್ಲ. ಅವನಿಗೂ ಒಬ್ಬ ಅಪ್ಪ ಇದ್ದಿರಬಹುದು. ಅವನಿಗೂ ಯಾರೋ ಚಿಕ್ಕಪ್ಪ "ಯಾವನ್ ನೋಡ್ತಾನೆ" ಅಂದಿರಬಹುದು.

ಹೆಸರು ಗೊತ್ತಿರುವವರ ನಡುವೆ ಓಡಾಡುವಂಥದ್ದು. ಅಜ್ಜನ ಹೆಸರು ನನಗಿಟ್ಟಾಗ ಊರಿಗೆಲ್ಲ ಅಜ್ಜನೂ ಗೊತ್ತು, ನಾನೂ ಗೊತ್ತು. ನಂಬರ್ ಪ್ಲೇಟ್ ಇರೋದು ನನ್ನ ಗುರುತೇ ಇಲ್ಲದವರಿಗೆ. ರಸ್ತೆಯಲ್ಲಿ ಬಿದ್ದವನಿಗೆ, ಟೀ ಅಂಗಡಿ ಹುಡುಗನಿಗೆ. ಅವರು ನನ್ನ ಗಾಡಿಯ ಬಾಯಿ ಬಿಡಿಸಿ ಹಲ್ಲು ನೋಡೋಕಾಗಲ್ಲ. ನಾನು ಹೊತ್ತುಕೊಂಡು ತಿರುಗ್ತಿದ್ದರೂ ಅದು ನನ್ನದಲ್ಲ, ಅವರಿಗೆ ಸೇರಿದ್ದು. "ಅಪ್ಪನ ನಂಬರ್" ಅಂತ ನಾವು ಅಂದುಕೊಂಡಿದ್ವಿ. ಅಪ್ಪ ಆ ನಂಬರನ್ನ ಇಪ್ಪತ್ತು ವರ್ಷ ಬೇರೆಯವರಿಗೋಸ್ಕರ ಹೊತ್ತಿದ್ದರು.

ಹಾಗಂತ ಒಂದು ಗಾಡಿಯ ನಂಬರ್ ಇನ್ನೊಂದಕ್ಕೆ ಹೋಗೋದೇ ಪಾಪ ಅಂತ ನಾನು ಹೇಳ್ತಿಲ್ಲ. ಇಂಗ್ಲೆಂಡಿನಲ್ಲಿ ಇದು ದಿನನಿತ್ಯದ ಕೆಲಸ. 80 ಪೌಂಡ್ ಕಟ್ಟಿ ಅರ್ಜಿ ಹಾಕಿದರೆ ಹಳೇ ಕಾರಿನ ನಂಬರ್ ಹೊಸದಕ್ಕೆ ಬರುತ್ತೆ, ಹಳೇ ಕಾರಿಗೆ ಬೇರೆ ನಂಬರ್ ಕೊಡ್ತಾರೆ. ಒಂದು ಷರತ್ತು ನನಗೆ ಬಹಳ ಇಷ್ಟ ಆಯ್ತು: ಹೊಸದಾಗಿ ಹಾಕುವ ನಂಬರ್ ಗಾಡಿಯನ್ನ ಅದರ ನಿಜವಾದ ವಯಸ್ಸಿಗಿಂತ ಚಿಕ್ಕದಾಗಿ ತೋರಿಸುವಂತಿಲ್ಲ. ನಮ್ಮಲ್ಲೂ ದಿಲ್ಲಿಯಂಥ ಕಡೆ ಹಳೇ ನಂಬರ್ ಉಳಿಸಿಕೊಳ್ಳುವ ವ್ಯವಸ್ಥೆ ಇದೆ. ಅಲ್ಲೆಲ್ಲ ನಂಬರ್ ಜೊತೆಗೇ ದಾಖಲೆಯೂ ಬದಲಾಗುತ್ತೆ. ನೋಡಿದವನು ಬರೆದುಕೊಂಡರೆ ಅದು ನಿಜವಾದ ಮನೆಗೇ ತಲುಪುತ್ತೆ.

ನಾನೂ ಒಬ್ಬ ಏಜೆಂಟನ್ನ ವಿಚಾರಿಸಿದೆ. ಅವನು ನಕ್ಕ. "ಸಾರ್, ಫ್ಯಾನ್ಸಿ ನಂಬರ್ ಬೇಕಾ ಹೇಳಿ, ಹರಾಜಲ್ಲಿ ಕೂಗೋಣ. ಈ 2741 ಯಾವ ಸೀಮೆ ಫ್ಯಾನ್ಸಿ?" ಒಂದು ಒಂಬತ್ತಕ್ಕೆ ಲಕ್ಷಗಟ್ಟಲೆ ಸುರಿಯೋರ ಆಸೆಗೆ ಸರ್ಕಾರದಲ್ಲಿ ಕೌಂಟರ್ ಇದೆ, ಒಂದು ನೆನಪಿಗೆ ಹೋಗಿ ನಿಲ್ಲೋಕೆ ಕೌಂಟರ್ ಕಾಣ್ಲಿಲ್ಲ ಅಂತ ಸ್ವಲ್ಪ ಉರಿದಿದ್ದು ನಿಜ. ಆ ಉರಿಯಲ್ಲಿ ಚಿಕ್ಕಪ್ಪನ ಐಡಿಯಾ ಮತ್ತೆ ಒಂದು ದಿನದ ಮಟ್ಟಿಗೆ ಚೆನ್ನಾಗೇ ಕಾಣಿಸ್ತು.

ಅಮ್ಮನಿಗೆ ಹೇಗೆ ಹೇಳೋದು ಅಂತ ಯೋಚಿಸ್ತಿದ್ದೆ. ಕೊನೆಗೆ ಹಿಂದಿನ ಬೀದಿಯವರ ಹೆಸರು ಎತ್ತಿದೆ ಅಷ್ಟೆ. ಅಮ್ಮ ತುಂಬ ಹೊತ್ತು ಸುಮ್ಮನಿದ್ದಳು. ಆ ಮನೆಯಾಕೆ ಈಗಲೂ ನಮ್ಮನೆಗೆ ಮಜ್ಜಿಗೆ ತಂದುಕೊಡ್ತಾರೆ. "ಹಂಗಾರೆ ಬೇಡ ಬುಡು," ಅಂದಳು. ಆಮೇಲೆ, "ಆ ಗಾಡೀನೇ ರೆಡಿ ಮಾಡ್ಸಕ್ಕಾಗಲ್ವಾ?"

ಈಗ ಅದೇ ನಡೀತಿದೆ. ಅಪ್ಪನ ಹೆಸರಿಂದ ಅಮ್ಮನ ಹೆಸರಿಗೆ ಮಾಡಿಸೋಕೆ ಫಾರಂ 31, ಆರ್‌ಸಿ ನವೀಕರಣಕ್ಕೆ ಫಾರಂ 25, ತಡ ಮಾಡಿದ್ದಕ್ಕೆ ದಂಡ, ಆಮೇಲೆ ಎಚ್‌ಎಸ್‌ಆರ್‌ಪಿ. ಖರ್ಚು ನೋಡಿದರೆ ಗುಜರಿ ಬೆಲೆಗಿಂತ ಎಷ್ಟೋ ಪಟ್ಟು. ಎಲ್ಲ ಸರಿಹೋದರೆ ಐದು ವರ್ಷ ಸಿಗುತ್ತೆ. ಅಪ್ಪನ ಇಂಜಿನ್ನು ಪಾಸಾಗುತ್ತೋ ಇಲ್ವೋ ಗೊತ್ತಿಲ್ಲ. ಚಿಕ್ಕಪ್ಪ ನನ್ನನ್ನ ಹುಚ್ಚ ಅಂತಾರೆ, ಆದರೆ ಕಾರ್ಬ್ಯುರೇಟರ್ ಬಿಚ್ಚಿ ಸೀಮೆಎಣ್ಣೇಲಿ ತೊಳೆದು ಕೊಟ್ಟಿದ್ದು ಅವರೇ.

ಹೋದ ಭಾನುವಾರ ಮೆಕ್ಯಾನಿಕ್ ಬಂದು ಚಾಸಿ ನಂಬರ್ ಪ್ರಿಂಟ್ ತೆಗೆದ. ತುಕ್ಕು ಉಜ್ಜಿ, ಟೇಪ್ ಅಂಟಿಸಿ, ಮೇಲೆ ಪೆನ್ಸಿಲ್ ತಿಕ್ಕಿದರೆ ಒಂದೊಂದೇ ಅಂಕಿ ಮೇಲೆದ್ದು ಬಂತು. ಅಮ್ಮ ಕನ್ನಡಕ ಹಾಕ್ಕೊಂಡು ಬಗ್ಗಿ ನೋಡಿದಳು. "ಇದ್ಯಾವ್ದೋ ಬೇರೆ ನಂಬರ್?" ಅಂದಳು. ಇದೂ ನಮ್ಮ ಗಾಡೀದೇ ಕಣಮ್ಮ, ಹುಟ್ಟಿದಾಗಿಂದ ಇತ್ತು ಅಂದೆ. ಅವಳು ಆ ಟೇಪಿನ ಮೇಲೆ ಬೆರಳಿಟ್ಟು, ಒಂದೊಂದು ಅಂಕಿಯನ್ನೂ ನಿಧಾನಕ್ಕೆ ಓದೋಕೆ ಶುರುಮಾಡಿದಳು.