ಸತ್ತವರ ಪರವಾಗಿ ಸಾಕ್ಷಿ

ಕರಾವಳಿಯ ಊರುಗಳಲ್ಲಿ ಹತ್ತು ಜನರಿಗೆ ಬೇಕಾದವರು ತೀರಿಕೊಂಡರೆ ಮರುದಿನವೇ ರಸ್ತೆ ಬದಿಯಲ್ಲಿ ಫ್ಲೆಕ್ಸ್ ಏಳುತ್ತದೆ. ಹನ್ನೆರಡೋ ಹದಿಮೂರೋ ದಿನ ಕಳೆದು ವೈಕುಂಠ ಸಮಾರಾಧನೆ ಇಲ್ಲವೇ ಬೊಜ್ಜ ಎಂಬ ಉತ್ತರಕ್ರಿಯೆ. ಊಟಕ್ಕೆ ಮೊದಲು ನುಡಿನಮನ. ಪಂಚಾಯತಿ ಸದಸ್ಯರು, ಸಹಕಾರಿ ಸಂಘದವರು, ನಿವೃತ್ತ ಮೇಷ್ಟ್ರು ಒಬ್ಬೊಬ್ಬರಾಗಿ ಎದ್ದು ಮಾತಾಡುತ್ತಾರೆ. ಸರಳ, ಸಜ್ಜನ, ಸ್ನೇಹಜೀವಿ, ಕೊಡುಗೈ ದಾನಿ, ತುಂಬಲಾರದ ನಷ್ಟ. ಹಾರ ಹಾಕಿದ ಫೋಟೊ ತೆಗೆದು ಬೇರೊಬ್ಬರದ್ದನ್ನು ಇಟ್ಟರೂ ಭಾಷಣದಲ್ಲಿ ಒಂದಕ್ಷರ ತಿದ್ದಬೇಕಾಗುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ. ಎಲ್ಲರೂ ಮೆಚ್ಚಿದ ಮನುಷ್ಯನನ್ನು ನಾವು ಹೊಗಳಿ ಹೊಗಳಿಯೇ ಮರೆತುಬಿಡುತ್ತೇವೆ.

ಇದಕ್ಕೊಂದು ಸಮರ್ಥನೆ ಇಲ್ಲದಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದೆಂಬ ಮಾತನ್ನು ಗ್ರೀಕರು ಸ್ಪಾರ್ಟಾದ ಖಿಲೋನನ ಹೆಸರಿಗೆ ಹಚ್ಚಿದ್ದಾರೆ; ನಮ್ಮ ಹಿರಿಯರೂ ಅದನ್ನೇ ಹೇಳಿಕೊಟ್ಟರು. ತಿರುಗಿ ಉತ್ತರ ಕೊಡಲಾಗದವನ ಮೇಲೆ ಆರೋಪ ಹೊರಿಸುವುದು ನ್ಯಾಯವಲ್ಲ. ಎದುರಿನ ಸಾಲಿನಲ್ಲಿ ಅಳುಮೋರೆಯ ಮಕ್ಕಳು ಕೂತಿರುತ್ತಾರೆ. ಇದೆಲ್ಲ ಸರಿ. ಆದರೆ ಆ ನಿಯಮ ತಡೆಯುವುದು ನಿಂದೆಯನ್ನು, ವಿವರವನ್ನಲ್ಲ. ‘ಒಳ್ಳೆಯವರಾಗಿದ್ದರು’ ಎಂಬುದು ತೀರ್ಪು. ‘ಇಂಥ ಮಳೆಗಾಲದಲ್ಲಿ, ಇಂಥವರಿಗೆ, ಇಂಥದ್ದು ಮಾಡಿದರು’ ಎಂಬುದು ಸಾಕ್ಷಿ. ಸಾಕ್ಷಿಯೇ ಇಲ್ಲದೆ ಕೊಟ್ಟ ತೀರ್ಪು, ಅನುಕೂಲವಾಗಿದ್ದರೂ, ಪೊಳ್ಳು.

ಈ ಪ್ರಶ್ನೆಯನ್ನು ಕನ್ನಡದಲ್ಲಿ ಅತ್ಯಂತ ಗಂಭೀರವಾಗಿ ಎತ್ತಿಕೊಂಡವರು ಇದೇ ಸೀಮೆಯವರು, ಕೋಟದ ಶಿವರಾಮ ಕಾರಂತರು. 1960ರಲ್ಲಿ ಬಂದ ಅವರ ‘ಅಳಿದ ಮೇಲೆ’ ಕಾದಂಬರಿಯ ನಿರೂಪಕನಿಗೆ ಯಶವಂತರಾಯರು ಪರಿಚಯವಾದದ್ದು ರೈಲಿನಲ್ಲಿ. ಮುಂಬಯಿಯಲ್ಲಿ ಅವರು ತೀರಿಕೊಂಡಾಗ ಅವರ ಹಣ, ಕಾಗದಪತ್ರಗಳ ಹೊಣೆ ಈತನ ಮೇಲೆ ಬೀಳುತ್ತದೆ. ಆ ಹಣ ಸಲ್ಲಬೇಕಾದವರನ್ನು ಹುಡುಕಿ ಊರೂರು ಅಲೆಯುತ್ತಾನೆ. ಹೋದ ಕಡೆಯೆಲ್ಲ ಬೇರೆ ಬೇರೆ ಯಶವಂತರಾಯರೇ ಸಿಗುತ್ತಾರೆ: ಒಬ್ಬರ ನೆನಪಿನಲ್ಲಿ ಕರುಣೆ, ಇನ್ನೊಬ್ಬರ ನೆನಪಿನಲ್ಲಿ ಕಹಿ. ಕಾರಂತರು ಇವನ್ನೆಲ್ಲ ಹೊಲಿದು ಒಬ್ಬ ಸಜ್ಜನನನ್ನು ಮಾಡಿ ಕೈಗಿಡುವುದಿಲ್ಲ. ಹೊಂದಿಕೆಯಾಗದ್ದನ್ನು ಹಾಗೆಯೇ ಬಿಡುತ್ತಾರೆ. ಓದಿ ಮುಗಿಸಿದಾಗ ಯಶವಂತರಾಯರು ನಮಗೆ ಪೂರ್ತಿ ಅರ್ಥವಾಗಿರುವುದಿಲ್ಲ. ಆದರೆ ಬದುಕಿದ್ದ ಮನುಷ್ಯರೆಂದು ಖಾತ್ರಿಯಾಗಿರುತ್ತದೆ. ನುಡಿನಮನದ ಸಭೆಗಳಲ್ಲಿ ಆಗುವುದು ಇದರ ತಿರುಗುಮುರುಗು.

ಕಾದಂಬರಿಯಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಹುಡುಕಿಕೊಂಡು ಹೊರಟವನು ಮಗನಲ್ಲ, ಬಾಲ್ಯದ ಗೆಳೆಯನಲ್ಲ. ದಾರಿಯಲ್ಲಿ ಸಿಕ್ಕ ಪರಿಚಿತ. ಅರಿಸ್ಟಾಟಲ್ ಸ್ನೇಹವನ್ನು ಮೂರು ಬಗೆಯಾಗಿ ವಿಂಗಡಿಸಿದ: ಲಾಭಕ್ಕಾಗಿ, ಸಂತೋಷಕ್ಕಾಗಿ, ಗುಣಕ್ಕಾಗಿ. ಮೂರನೆಯದು ಅಪರೂಪ ಮತ್ತು ಶ್ರೇಷ್ಠ ಎಂದ. ನಾನೂ ಒಪ್ಪುತ್ತೇನೆ. ಆದರೆ ಸಾಕ್ಷಿಯ ಕಟ್ಟೆಯಲ್ಲಿ ಆಪ್ತಮಿತ್ರನಿಗಿಂತ ಬರಿಯ ಪರಿಚಿತನ ಮಾತಿಗೆ ತೂಕ ಹೆಚ್ಚು. ಗೆಳೆಯನೊಡನೆ ಒಳ್ಳೆಯವನಾಗಿರಲು ನೂರು ಕಾರಣಗಳುಂಟು. ಬಸ್ಸಿನ ಕಂಡಕ್ಟರನೊಡನೆ, ಬುಟ್ಟಿ ಹೊತ್ತು ಮೀನು ಮಾರುವವಳೊಡನೆ, ಅಂಗಡಿಯಲ್ಲಿ ಸಾಲ ಹೇಳಿ ನಿಂತವನೊಡನೆ ಒಬ್ಬ ಹೇಗಿದ್ದ ಎಂಬುದರಲ್ಲಿ ಅವನ ಸ್ವಭಾವ ಬಯಲಾಗುತ್ತದೆ.

ಕರಾವಳಿಯ ಮರವಂತೆಯಂಥ ಊರಿನಲ್ಲಿ ಈ ಮಾತು ಬರಿಯ ತತ್ವವಲ್ಲ. ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕಾ, ನಡುವಿನ ಪಟ್ಟಿಯಲ್ಲಿ ಹೆದ್ದಾರಿ. ಈ ತೀರದ ಜನ ಹಿಂದೆ ರಂಪಣಿ ಬಲೆ ಎಳೆಯುತ್ತಿದ್ದರು. ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ 1970ರ ದಶಕದಲ್ಲಿ ಬಂದು ಅದನ್ನು ಮೂಲೆಗೆ ತಳ್ಳಿತು, ಸಣ್ಣ ಕೈರಂಪಣಿ ಉಳಿಯಿತು. ದೊಡ್ಡ ರಂಪಣಿಯ ಎರಡು ತುದಿ ಹಿಡಿಯಲು ಹತ್ತಾರು ಜನ ಬೇಕು. ಅವರೆಲ್ಲ ಗೆಳೆಯರಾಗಿರಬೇಕಿಲ್ಲ, ಹಗ್ಗ ಬಿಡುವುದಿಲ್ಲ, ಪಾಲು ಹಂಚುವಾಗ ಮೋಸ ಮಾಡುವುದಿಲ್ಲ ಎಂಬ ಭರವಸೆ ಇದ್ದರೆ ಸಾಕು. ಊರು ನಿಂತಿರುವುದು ಇಂಥ ಸಣ್ಣ ಭರವಸೆಗಳ ಮೇಲೆ. ಅವನ್ನು ಉಳಿಸಿಕೊಂಡವನನ್ನೇ ಜನ ‘ಒಳ್ಳೆ ಮನ್ಶ ಮಾರಾಯ್ರೆ’ ಅನ್ನುವುದು. ಆದರೆ ಆ ಮಾತನ್ನು ಹೇಳಬಲ್ಲವರು ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿರುತ್ತಾರೆ. ಮೈಕು ಅಲ್ಲಿಯವರೆಗೆ ಹೋಗುವುದಿಲ್ಲ.

ಇನ್ನು ಕಷ್ಟದ ಪ್ರಶ್ನೆ. ಎಲ್ಲರಿಗೂ ಬೇಕಾದವನಾಗಿರುವುದು ಗುಣವೇ? ಯಾವಾಗಲೂ ಅಲ್ಲ. ಯಾರಿಗೂ ‘ಆಗುವುದಿಲ್ಲ’ ಎನ್ನದವನ ಒಳ್ಳೆಯತನದ ಬೆಲೆಯನ್ನು ಬಹಳ ಸಲ ಅವನ ಮನೆಯವರು ತೆತ್ತಿರುತ್ತಾರೆ. ಎಂದೂ ಜಗಳವಾಡದವನು ಜಗಳವಾಡಲೇಬೇಕಾದ ಕಡೆಯಲ್ಲೂ ಸುಮ್ಮನಿದ್ದಿರಬಹುದು. ಕಾರಂತರನ್ನೇ ನೋಡಿ. ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣ ಹಿಂದಿರುಗಿಸಿದವರು, ಕೈಗಾ ಅಣುಸ್ಥಾವರದ ವಿರುದ್ಧ ದನಿಯೆತ್ತಿ 1989ರಲ್ಲಿ ಲೋಕಸಭಾ ಚುನಾವಣೆಗೆ ನಿಂತು ಸೋತವರು. 1997ರಲ್ಲಿ ಅವರು ತೀರಿಕೊಂಡಾಗ, ಅವರೊಡನೆ ವಾದಿಸಿದವರೂ ಅವರನ್ನು ನೆನೆದರು. ಅವರನ್ನು ಬರಿಯ ‘ಸ್ನೇಹಜೀವಿ’ ಎಂದು ಕರೆದರೆ ಅವರಿಗೇ ಅನ್ಯಾಯ. ಕೊರತೆಯನ್ನು ಹೇಳಿದೊಡನೆ ಕರಗಿಹೋಗುವ ಪ್ರೀತಿ ಆ ಮನುಷ್ಯನ ಮೇಲಿದ್ದದ್ದಲ್ಲ. ನಾವೇ ಬರೆದುಕೊಂಡ ಚಿತ್ರದ ಮೇಲಿದ್ದದ್ದು.

ಸತ್ತವರನ್ನು ನೆನೆಯುವ ಹದ ನಮ್ಮ ಹಳಬರಿಗೆ ಗೊತ್ತಿತ್ತು. ಮಂಡ್ಯ ಸೀಮೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಕಲ್ಲೊಂದು ನಿಂತಿತ್ತು. ಗಂಗರ ಅರಸ ಬೂತುಗನಿಂದ ಮಣಲೇರನೆಂಬವನು ಪಡೆದುಕೊಂಡ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು ಎಂದು ಅದರಲ್ಲಿ ಕೆತ್ತಿದೆ. ಅರಸರ ಬಿರುದುಗಳಿಗೆ ಅಲ್ಲಿ ಕೊರತೆಯಿಲ್ಲ. ಆದರೆ ಕಾಳಿ ಸಾವಿರ ವರ್ಷ ಉಳಿದದ್ದು ಅದು ಮಾಡಿದ ಕೆಲಸವನ್ನು ಬರೆದದ್ದರಿಂದ. ವೀರಗಲ್ಲುಗಳ ರೀತಿಯೇ ಅದು: ತುರು ಮರಳಿಸಿ ಸತ್ತ, ಊರು ಕಾದು ಸತ್ತ. ನಡೆದದ್ದನ್ನು ಹೇಳಿದರೆ ಹೊಗಳಿಕೆ ತಾನಾಗಿ ಹುಟ್ಟುತ್ತದೆ.

ಹಾಗಾದರೆ ನುಡಿನಮನದಲ್ಲಿ ಏನು ಮಾತಾಡಬೇಕು? ತೀರಿಕೊಂಡವರು ಮಾಡಿದ ಒಂದೇ ಒಂದು ಸಂಗತಿ, ಕಣ್ಣಾರೆ ಕಂಡದ್ದು. ಅದರಿಂದ ನನ್ನಲ್ಲಿ ಆದ ಬದಲಾವಣೆ. ಬೇಕಿದ್ದರೆ, ನಾನವರೊಡನೆ ಒಪ್ಪದಿದ್ದ ಒಂದು ವಿಷಯ. ಪಡೆದದ್ದನ್ನು ಲೋಕಕ್ಕೆ ತಿರುಗಿ ಕೊಡಬೇಕೆಂಬ ಚಿಂತೆ ಯಶವಂತರಾಯರದ್ದು. ಬದುಕಿರುವವರಿಗೂ ಅದೇ ಲೆಕ್ಕ ಅನ್ವಯಿಸುತ್ತದೆ. ಆಸ್ಪತ್ರೆಗೆ ರಾತ್ರಿ ಜೊತೆಗೆ ಹೋಗುತ್ತಿದ್ದವನು, ಅರ್ಜಿ ಬರೆದುಕೊಡುತ್ತಿದ್ದವನು, ಇಬ್ಬರ ಗಡಿಜಗಳ ಬಿಡಿಸುತ್ತಿದ್ದವನು ಹೋದ ಮೇಲೆ ಆ ಕೆಲಸ ಇನ್ನು ಯಾರದ್ದು? ‘ತುಂಬಲಾರದ ನಷ್ಟ’ ಎಂದು ಹೇಳಿ ಕೂರುವುದು, ತುಂಬುವ ಹೊಣೆಯಿಂದ ಜಾರಿಕೊಳ್ಳುವ ಸಭ್ಯ ದಾರಿ. ಎಲೆ ಹಾಕುವ ಮೊದಲು ಆ ಕೆಲಸಗಳಲ್ಲಿ ಒಂದನ್ನಾದರೂ ಯಾರಾದರೂ ಹೆಸರು ಹೇಳಿ ವಹಿಸಿಕೊಂಡರೆ, ಸಭೆ ಸೇರಿದ್ದು ಸಾರ್ಥಕ.