ಬಳಸದ ವಸ್ತುವಿನ ವಯಸ್ಸು

ಅಂಗಡಿಯ ಗಾಜಿನ ಕಪಾಟಿನಲ್ಲಿ ಮೊಹರು ಒಡೆಯದೆ ಇರುವ ರೀಚಾರ್ಜಬಲ್ ಬ್ಯಾಟರಿಯೊಂದನ್ನು ಕೊಳ್ಳುವವನು ಅದು ಹೊಸದೆಂದು ನಂಬಿಯೇ ಹಣ ತೆರುತ್ತಾನೆ. ಅದನ್ನು ತನಗಿಂತ ಮೊದಲು ಯಾರೂ ಉಪಯೋಗಿಸಿಲ್ಲವೆಂಬ ಅರ್ಥದಲ್ಲಿ ಆ ನಂಬಿಕೆ ನ್ಯಾಯವಾದುದೇ. ಆದರೆ ಅದು ಕಾರ್ಖಾನೆಯಿಂದ ಹೊರಟು, ಸಗಟು ವ್ಯಾಪಾರಿಯ ಗೋದಾಮನ್ನು ದಾಟಿ, ಅಂಗಡಿಯ ಸ್ಟಾಕಿನಲ್ಲಿ ಕುಳಿತು, ಗಿರಾಕಿಯ ಕೈಸೇರುವಷ್ಟರಲ್ಲಿ ಕೆಲವು ತಿಂಗಳುಗಳೋ ಒಂದೆರಡು ವರ್ಷಗಳೋ ಸಂದಿರುವುದು ಅಸಂಭವವಲ್ಲ. ತಯಾರಿಕೆ ನಿಂತುಹೋದ ಫೋನಿಗೋ ಕ್ಯಾಮೆರಾಕ್ಕೋ ಬೇಕಾದ ಬ್ಯಾಟರಿಯಾದರೆ ಇನ್ನೂ ಹೆಚ್ಚು ಕಾಲ ಕಳೆದಿರಬಹುದು. ಇಲ್ಲಿ ಏಳುವ ಪ್ರಶ್ನೆ ವ್ಯಾಪಾರದ ಎಲ್ಲೆಯನ್ನು ಮೀರಿದುದು. ಉಪಯೋಗಿಸದೆಯೇ ಇಟ್ಟ ವಸ್ತುವಿಗೆ ಮುಪ್ಪು ಉಂಟೆ? ಕ್ಷಯವೆಂಬುದು ಕರ್ಮದಿಂದ ಬರತಕ್ಕದ್ದೋ, ಕಾಲದಿಂದ ಬರತಕ್ಕದ್ದೋ?

ಇದನ್ನು ನಿರ್ಧರಿಸಬೇಕಾದರೆ ಸೆಲ್ಲಿನ ಒಳಕ್ಕೆ ದೃಷ್ಟಿ ಹಾಯಿಸಬೇಕು. 1991ರಲ್ಲಿ ಮಾರುಕಟ್ಟೆಗೆ ಬಂದು, ಇಂದು ಎಲ್ಲರ ಜೇಬಿನಲ್ಲಿಯೂ ನೆಲೆಸಿರುವ ಲಿಥಿಯಂ ಅಯಾನ್ ಸೆಲ್ಲನ್ನು ಮೊದಲ ಬಾರಿಗೆ ಚಾರ್ಜು ಮಾಡುವುದು ಕಾರ್ಖಾನೆಯಲ್ಲಿಯೇ. ಆಗ ಲಿಥಿಯಂ ಕಣಗಳು ಗ್ರಾಫೈಟಿನ ಪದರಗಳ ನಡುವೆ ಸೇರಿಕೊಳ್ಳುತ್ತವೆ. ಅದೇ ವೇಳೆಯಲ್ಲಿ ಗ್ರಾಫೈಟಿಗೂ ಅದನ್ನು ಆವರಿಸಿರುವ ದ್ರಾವಣಕ್ಕೂ ನಡುವೆ ರಾಸಾಯನಿಕ ಕ್ರಿಯೆ ನಡೆದು, ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯೊಂದು ಕಟ್ಟುತ್ತದೆ. ಆ ಪೊರೆ ಸೆಲ್ಲಿಗೆ ರಕ್ಷಕ. ಅದಿಲ್ಲದಿದ್ದರೆ ದ್ರಾವಣ ಕೆಡುತ್ತಲೇ ಹೋಗುತ್ತಿತ್ತು. ಆದರೆ ಅದರ ಬೆಳವಣಿಗೆ ಅಲ್ಲಿಗೇ ನಿಲ್ಲುವುದಿಲ್ಲ. ಯಾವ ತಂತಿಯ ಸಂಪರ್ಕವೂ ಇಲ್ಲದೆ, ಯಾವ ದೀಪವನ್ನೂ ಬೆಳಗಿಸದೆ ಸೆಲ್ಲು ತನ್ನ ಡಬ್ಬಿಯೊಳಗೆ ಸುಮ್ಮನಿರುವಾಗಲೂ ಪೊರೆಯು ಅತ್ಯಂತ ಮಂದಗತಿಯಿಂದ ದಪ್ಪವಾಗುತ್ತ, ಒಂದಿಷ್ಟು ಲಿಥಿಯಮನ್ನು ತನ್ನೊಳಗೆ ಸೆರೆಹಿಡಿದು, ಮತ್ತೆಂದಿಗೂ ಕೆಲಸಕ್ಕೆ ಒದಗದಂತೆ ಮಾಡುತ್ತದೆ. ಅರ್ಧಕ್ಕಿಂತ ತುಸು ಕಡಿಮೆ ಚಾರ್ಜಿನೊಡನೆ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿರಿಸಿದ ಸೆಲ್ಲು ಒಂದು ವರ್ಷದಲ್ಲಿ ತನ್ನ ಸಾಮರ್ಥ್ಯದಲ್ಲಿ ನೂರಕ್ಕೆ ಸುಮಾರು 4 ಪಾಲನ್ನು ಕಳೆದುಕೊಳ್ಳುವುದೆಂದೂ, ಪೂರ್ಣವಾಗಿ ಚಾರ್ಜು ಮಾಡಿ 40 ಡಿಗ್ರಿಯ ಸೆಕೆಯಲ್ಲಿಟ್ಟರೆ ಆ ನಷ್ಟ ನೂರಕ್ಕೆ ಸುಮಾರು 35ಕ್ಕೆ ಏರುವುದೆಂದೂ ಸಾಮಾನ್ಯವಾದ ಅಂದಾಜು. ಆದ್ದರಿಂದ ಒಂದೇ ದಿನ ತಯಾರಾದ ಎರಡು ಸೆಲ್ಲುಗಳಲ್ಲಿ ತಂಪಾದ ಗೋದಾಮಿನಲ್ಲಿದ್ದುದು ಇನ್ನೂ ತರುಣವಾಗಿರಬಹುದು, ಬಿಸಿಲು ಬೀಳುವ ಕಪಾಟಿನಲ್ಲಿದ್ದುದು ಆಗಲೇ ಮುದಿಯಾಗಿರಬಹುದು.

ಚಾರ್ಜು ಇಳಿಯುವುದು ಬೇರೆ, ಸಾಮರ್ಥ್ಯ ಕುಗ್ಗುವುದು ಬೇರೆ ಎಂಬ ವಿವೇಕವೂ ಇಲ್ಲಿ ಅವಶ್ಯ. ಹಳೆಯ ಬಗೆಯ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲನ್ನು ಕೆಲವು ತಿಂಗಳು ಹಾಗೆಯೇ ಇಟ್ಟರೆ ಅದರ ಚಾರ್ಜು ಬಹುಮಟ್ಟಿಗೆ ಸೋರಿಹೋಗುತ್ತದೆ. ಮತ್ತೆ ಚಾರ್ಜಿಗೆ ಹಾಕಿದರೆ ತುಂಬಿಕೊಳ್ಳುತ್ತದೆ. ಅದು ಹಸಿವಿನಂಥದು, ಊಟದಿಂದ ಶಮನವಾಗುವಂಥದು. ಸಾಮರ್ಥ್ಯದ ಕ್ಷಯಕ್ಕೆ ಅಂಥ ಪರಿಹಾರವಿಲ್ಲ.

ನಮ್ಮ ದಾರ್ಶನಿಕರು ಈ ವಿಷಯವನ್ನು ಬಹು ಸೂಕ್ಷ್ಮವಾಗಿ ಚಿಂತಿಸಿದ್ದಾರೆ. ಪತಂಜಲಿಯ ಯೋಗಸೂತ್ರಗಳಿಗೆ ಭಾಷ್ಯವನ್ನು ರಚಿಸಿದ ವ್ಯಾಸರು, ಜೋಪಾನವಾಗಿಟ್ಟ ವಸ್ತ್ರವೂ ಕಡೆಗೊಂದು ದಿನ ಜೀರ್ಣವಾಗಿ ಕಾಣುವುದನ್ನು ಎತ್ತಿಕೊಂಡು, ಕ್ಷಣಗಳ ಕ್ರಮವನ್ನು ಅನುಭವಿಸದೆ ಆ ಜೀರ್ಣತೆ ಹಠಾತ್ತಾಗಿ ಬರಲಾರದೆಂದು ತರ್ಕಿಸುತ್ತಾರೆ. ಮಡಕೆಯು ಮಡಕೆಯಾಗಿಯೇ ಉಳಿದು ಪ್ರತಿಕ್ಷಣವೂ ಹೊಸತನದಿಂದ ಹಳೆತನದ ಕಡೆಗೆ ಸರಿಯುತ್ತಿರುವುದನ್ನು ಅವರು ಅವಸ್ಥಾಪರಿಣಾಮವೆಂದು ಕರೆದರು. ಒಂದು ಕ್ಷಣವಾದರೂ ಕರ್ಮವಿಲ್ಲದೆ ಇರುವುದು ಯಾರಿಗೂ ಸಾಧ್ಯವಲ್ಲವೆಂಬುದು ಗೀತೆಯ ಮೂರನೆಯ ಅಧ್ಯಾಯದ ಅಭಿಪ್ರಾಯ. ಈ ದೃಷ್ಟಿಯಿಂದ ನೋಡಿದರೆ ಕರ್ಮವೋ ಕಾಲವೋ ಎಂಬ ನಮ್ಮ ಮೊದಲ ಪ್ರಶ್ನೆಯೇ ಸಡಿಲವಾಗುತ್ತದೆ. ನಾವು ನಿಷ್ಕ್ರಿಯವೆಂದು ಭಾವಿಸಿದ ವಸ್ತುವಿನಲ್ಲಿಯೂ ಪ್ರಕೃತಿಯ ಕೆಲಸ ಅವಿಚ್ಛಿನ್ನವಾಗಿ ಸಾಗಿರುತ್ತದೆ.

ಇದಕ್ಕೊಂದು ಆಕ್ಷೇಪವನ್ನು ಎತ್ತಬಹುದು. 1859ರಲ್ಲಿ ಫ್ರಾನ್ಸಿನ ಗಾಸ್ತಾನ್ ಪ್ಲಾಂಟೆ ನಿರ್ಮಿಸಿದ ಸೀಸದ ಬ್ಯಾಟರಿಯ ವಂಶದಲ್ಲಿ, ಚಾರ್ಜಾದ ಫಲಕಗಳನ್ನು ಒಣಗಿಸಿ, ಆಸಿಡ್ ಇಲ್ಲದೆಯೇ ಅಂಗಡಿಗೆ ಕಳುಹಿಸುವ ಒಂದು ಬಗೆಯುಂಟು. ಅಂಗಡಿಯವನು ಮಾರುವ ದಿನ ಮುಚ್ಚಳಗಳನ್ನು ತಿರುಗಿಸಿ ತೆಗೆದು, ಒಂದೊಂದು ಕೋಣೆಗೂ ಆಸಿಡ್ ಸುರಿದು, ಸ್ವಲ್ಪ ಹೊತ್ತು ಚಾರ್ಜಿಗೆ ಹಾಕಿ ಗಿರಾಕಿಗೆ ಒಪ್ಪಿಸುತ್ತಾನೆ. ತೇವ ಸೋಕದಂತೆ ಇಟ್ಟರೆ ಅಂಥ ಬ್ಯಾಟರಿ ದೀರ್ಘಕಾಲ ಕೆಡದೆ ನಿಲ್ಲುತ್ತದೆ. ಹಾಗಾದರೆ ಕಾಲವನ್ನು ವಂಚಿಸಿದಂತಾಯಿತಲ್ಲವೆ? ವಿಚಾರಿಸಿದರೆ ಈ ಆಕ್ಷೇಪವೇ ತತ್ತ್ವವನ್ನು ಇನ್ನಷ್ಟು ದೃಢಪಡಿಸುತ್ತದೆ. ಆಸಿಡ್ ಬೀಳುವವರೆಗೆ ಆ ಬ್ಯಾಟರಿ ಒಂದು ಹನಿ ವಿದ್ಯುತ್ತನ್ನೂ ಕೊಡಲಾರದು. ಕೊಡುವ ಶಕ್ತಿ ಎಂದು ಬಂದಿತೋ ಅಂದೇ ಸವೆಯುವ ಧರ್ಮವೂ ಬಂದಿತು. ಲಿಥಿಯಂ ಸೆಲ್ಲಿನಲ್ಲಿಯೂ ಹೀಗೆಯೇ: ಚಾರ್ಜಾದ ಗ್ರಾಫೈಟಿನ ಯಾವ ತೀವ್ರವಾದ ರಾಸಾಯನಿಕ ಪ್ರವೃತ್ತಿಯಿಂದ ನಮಗೆ ವಿದ್ಯುತ್ತು ದೊರೆಯುವುದೋ, ಅದೇ ಪ್ರವೃತ್ತಿ ದ್ರಾವಣದೊಡನೆ ಕೂಡಿ ಪೊರೆಯನ್ನು ಬೆಳೆಸುತ್ತದೆ. ಶಕ್ತಿಗೂ ಕ್ಷಯಕ್ಕೂ ಬೇರು ಒಂದೇ. ನಶಿಸದಿರುವಂತೆ ಮಾಡಿದ ಶಕ್ತಿಯು ಒದಗದ ಶಕ್ತಿಯೂ ಆಗಿರುತ್ತದೆ.

ಇದರಿಂದ ಫಲಿಸುವ ಧರ್ಮಗಳು ಎರಡು. ಮಾರುವವನು ವಸ್ತುವಿನ ವಯಸ್ಸನ್ನು ಮರೆಮಾಚಕೂಡದು. ಜೈನಾಚಾರ್ಯ ಉಮಾಸ್ವಾತಿಗಳ ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳಲ್ಲಿ ಅಳತೆ ತೂಕಗಳ ಮೋಸವನ್ನೂ, ಒಂದರ ಹೆಸರಿನಲ್ಲಿ ಮತ್ತೊಂದನ್ನು ಕೊಡುವ ವ್ಯವಹಾರವನ್ನೂ ಎಣಿಸುತ್ತದೆ. ಕ್ಷೀಣಿಸಿದ ಸೆಲ್ಲಿಗೆ ಹೊಸ ಚೀಟಿ ಅಂಟಿಸಿ ಮಾರುವುದು ಅದೇ ಜಾತಿಯ ಕಳವು. ಪೊಟ್ಟಣದಲ್ಲಿ ಮಾರುವ ಸರಕಿನ ಮೇಲೆ ತಯಾರಾದ ತಿಂಗಳನ್ನೂ ವರ್ಷವನ್ನೂ ನಮೂದಿಸಬೇಕೆಂದು ನಮ್ಮ ದೇಶದ 2011ರ ನಿಯಮಗಳು ವಿಧಿಸಿರುವುದು ಈ ಸತ್ಯಧರ್ಮಕ್ಕೆ ಅನುಗುಣವಾಗಿಯೇ ಇದೆ. ಕೊಳ್ಳುವವನಾದರೋ ಆ ಸಣ್ಣ ಅಕ್ಷರಗಳನ್ನು ಓದಿ, ತನಗೆ ಬೇಕಾದಷ್ಟನ್ನೇ, ಬೇಕಾದಾಗಲೇ ತರತಕ್ಕದ್ದು. ಮುಂದೆ ಬೇಕಾದೀತೆಂದು ನಾಲ್ಕು ಬ್ಯಾಟರಿಗಳನ್ನು ಬೀರುವಿನಲ್ಲಿ ಕೂಡಿಡುವವನು ತಾನು ಉಳಿಸುತ್ತಿರುವೆನೆಂದು ತಿಳಿದು ಕಳೆಯುತ್ತಿರುತ್ತಾನೆ. ಅಪರಿಗ್ರಹವು ಇಲ್ಲಿ ಶುದ್ಧ ಲೆಕ್ಕಾಚಾರದಿಂದಲೂ ಸಮರ್ಥನೆಗೊಳ್ಳುತ್ತದೆ.

ಮನುಷ್ಯನು ತನ್ನ ವಿಷಯದಲ್ಲಿ ಮಾಡಿಕೊಳ್ಳುವ ಭ್ರಮೆ ಇದಕ್ಕಿಂತ ದೊಡ್ಡದು. ವಿದ್ಯೆಯನ್ನು ಹಂಚದೆ, ದಾನವನ್ನು ಮುಂದೂಡಿ, ಸೇವೆಯನ್ನು ನಿವೃತ್ತಿಯ ನಂತರಕ್ಕೆ ಮೀಸಲಿಟ್ಟವನು ತನ್ನ ಚೈತನ್ಯವೆಲ್ಲ ಭದ್ರವಾಗಿದೆಯೆಂದು ಭಾವಿಸುತ್ತಾನೆ. ಬಳಸಿದುದು ಸವೆಯುತ್ತದೆ, ಬಳಸದೆ ಇಟ್ಟುದೂ ಸವೆಯುತ್ತದೆ, ಆದರೆ ಮೊದಲನೆಯದರ ಸವೆತಕ್ಕೆ ಪ್ರತಿಯಾಗಿ ಯಾರದೋ ಮನೆಯಲ್ಲಿ ಬೆಳಕಾಗಿರುತ್ತದೆ, ಎರಡನೆಯದರ ಸವೆತಕ್ಕೆ ಪ್ರತಿಯಾಗಿ ಏನೂ ಇರುವುದಿಲ್ಲ. ಸವೆತದಿಂದ ತಪ್ಪಿಸಿಕೊಳ್ಳುವ ಸ್ವಾತಂತ್ರ್ಯ ನಮಗಿಲ್ಲ. ಯಾವುದಕ್ಕಾಗಿ ಸವೆಯಬೇಕೆಂಬುದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿದೆ, ಮತ್ತು ಆ ಆಯ್ಕೆಯನ್ನು ನಾಳೆಗೆ ಬಿಡುವುದೂ ಒಂದು ಆಯ್ಕೆಯೇ.